ಬಳೆ ಕೋಲಿನ ಗ್ರಾಫ್

ಗೆಳೆಯರೇ, ಇವತ್ತು ನಮ್ಮ ಶಿಡ್ಲಘಟ್ಟದ ಆಫೀಸಿಗೆ ದೊಡ್ಡ ಸಾಹೇಬರು ಬರುವಷ್ಟರಲ್ಲಿ, ಯಾವ ತಿಂಗಳು ಎಷ್ಟು ರೇಷ್ಮೆಗೂಡು ಬಂತೆಂದು ತೋರಿಸುವ ಗ್ರಾಫ್ ಸಿದ್ಧವಾಗಬೇಕಿತ್ತು. ಹೊಸ ಕಂಪ್ಯೂಟರಿಗೆ ನಾನು ಫ್ಲಾಪಿ ಹಾಕಿದ್ದೇ ತಡ, ಕರೆಂಟು ಹೋಯಿತು. ಸಹೋದ್ಯೋಗಿ ನಾಗರತ್ನಮ್ಮ ಸ್ಕೆಚ್ ಪೆನ್ ತೆಗೆದರೆ, ಎಲ್ಲವೂ ಒಣಗಿದ್ದವು.

"ಇನ್ನೇನ್ ಮಾಡಣ ಮೇಡಂ?" ಅಂದೆ.

ಅವರು ಎದುರಿನ ಬಳೆ ಅಂಗಡಿಯ ಚಾಂದ್ ಪಾಷಾರಿಂದ, ಬಳೆ ಜೋಡಿಸಿಡುವ ಮರದ ಕೋಲುಗಳನ್ನು ಬಳೆ ಸಮೇತ ತರಿಸಿದರು. ತಿಂಗಳಿಗೊಂದು ಕೋಲು, ಕೋಲಿಗೊಂದು ಬಣ್ಣ. ಗೂಡು ಹೆಚ್ಚಿದಷ್ಟೂ ಬಳೆ ಹೆಚ್ಚು. ನೋಡನೋಡುತ್ತಿದ್ದಂತೆ ಮೇಜಿನ ಮೇಲೆ ಗ್ರಾಫ್ ಎದ್ದು ನಿಂತಿತು. ಜುಲೈ ತಿಂಗಳ ಹಸಿರು ಬಳೆಗಳ ಸಾಲೇ ಎಲ್ಲಕ್ಕಿಂತ ಎತ್ತರ.

ಸಾಹೇಬರು ಬಂದರು, ಜೊತೆಗೆ ಅವರ ಹೆಂಡತಿಯೂ. ಸಾಹೇಬರು ಕಾಫಿ ಮುಗಿಸಿ ಮೇಜಿನ ಕಡೆ ತಿರುಗಿದವರೇ ಗುಡುಗಿದರು.

"ಏನ್ರೀ ಇದು, ಜುಲೈನಲ್ಲಿ ಇಷ್ಟೊಂದು ಬಿದ್ದೋಗಿದೆ?"

ನಾನು ಲೆಕ್ಕದ ಪುಸ್ತಕಕ್ಕೆ ತಡಕಾಡಿದೆ. ನಾಗರತ್ನಮ್ಮ ಮಾತ್ರ ತಣ್ಣಗೆ ಹೇಳಿದರು:

"ಬಿದ್ದಿಲ್ಲ ಸಾರ್. ಮೇಡಮ್ನೋರ ಕೈ ನೋಡಿ."

ಸಾಹೇಬರ ಹೆಂಡತಿ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು, ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದರು. ಬಿಚ್ಚಲು ಸುತಾರಾಂ ಒಪ್ಪಲಿಲ್ಲ. ಸಾಹೇಬರು ತೆಪ್ಪಗೆ ಜೇಬಿಗೆ ಕೈ ಹಾಕಿದರು.

ಸಂಜೆ ಕೋಲು ವಾಪಸು ಕೊಡಲು ಹೋದಾಗ ಚಾಂದ್ ಪಾಷಾ ಗುಟ್ಟಾಗಿ ಕೇಳಿದರು: "ಮುಂದಿನ್ ಗ್ರಾಫ್ ಯಾವಾಗ ಸಾರ್? ಮೇಡಮ್ನೋರ್ನೂ ಕರ್ಸಿ."