ಎಂಟನೇ ರಾಡು

ಬೇವೂರಿನ ಯಂಕೇಶ ಐಟಿಐ ಸೇರಲು ನನ್ನ ಮುಂದೆ ಬಂದು ನಿಂತಾಗ ಅವನಿಗೆ ಹತ್ತೊಂಬತ್ತು ವರ್ಷ. ಅವನ ಪ್ರಕಾರ ಅವನು ಕಲಿಯಬೇಕಾದದ್ದು ಏನೂ ಉಳಿದಿರಲಿಲ್ಲ. ಪಂಪಿನ ಸ್ಟಾರ್ಟರು ಬಿಚ್ಚಿ ಜೋಡಿಸುತ್ತಿದ್ದ, ಸುಟ್ಟ ಫ್ಯೂಸಿಗೆ ತಂತಿ ಕಟ್ಟುತ್ತಿದ್ದ. ಕರೆಂಟ್ ಇದ್ದಾಗಲೇ ಕೈ ಹಾಕುತ್ತಿದ್ದ, ಅದೇ ಅವನ ದೊಡ್ಡಸ್ತಿಕೆ. ಊರಲ್ಲಿ ಅವನಿಗೆ ಕರೆಂಟ್ ಯಂಕ್ಯಾ ಎಂದೇ ಹೆಸರು. ಅವನಿಗೆ ಬೇಕಾಗಿದ್ದದ್ದು ಒಂದು ಕಾಗದ, ವಿದ್ಯೆಯಲ್ಲ.

ನನಗೆ ಇಂಥ ಹುಡುಗರನ್ನು ಕಂಡರೆ ಮೈ ಉರಿಯುತ್ತದೆ. ಕೊಪ್ಪಳದಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಷಿಯನ್ ಪಾಠ ಹೇಳುತ್ತಿದ್ದೇನೆ. ಏನೂ ಗೊತ್ತಿಲ್ಲದವನಿಗೆ ಕಲಿಸಬಹುದು. ಅರ್ಧ ಗೊತ್ತಿದ್ದವನು ಹಿಂದಿನ ಬೆಂಚಿನಲ್ಲಿ ಕೈ ಕಟ್ಟಿ ಕೂತು ಮೀಸೆಯಲ್ಲಿ ನಗುತ್ತಾನೆ. ಅಲ್ಪವಿದ್ಯೆ ಮಹಾಗರ್ವಿ ಎಂದವರು ಯಾರೋ ಯಂಕೇಶನನ್ನು ನೋಡಿಯೇ ಅಂದಿರಬೇಕು.

ಅವನ ಕೀರ್ತಿಗೆ ಕಾರಣ ಎಂಟು ಕಬ್ಬಿಣದ ರಾಡುಗಳು. ಬಲ್ಬು ಉರಿಯಲು ಎರಡು ತಂತಿ ಬೇಕು. ಒಂದು ಕರೆಂಟನ್ನು ತರುತ್ತದೆ, ಇನ್ನೊಂದು ವಾಪಸು ಒಯ್ಯುತ್ತದೆ. ಬೇವೂರಿನ ಕೊನೆಯ ಓಣಿಯಲ್ಲಿ ಆ ವಾಪಸು ತಂತಿ, ಅಂದರೆ ನ್ಯೂಟ್ರಲ್, ಗಾಳಿ ಜೋರಾದಾಗಲೆಲ್ಲ ಕಂಬದ ಮೇಲೆ ಕಡಿಯುತ್ತಿತ್ತು. ಓಣಿಗೆಲ್ಲ ಕತ್ತಲೆ. ಯಂಕೇಶ ಹದಿನಾರನೇ ವಯಸ್ಸಿಗೆ ಇದಕ್ಕೊಂದು ಉಪಾಯ ಕಂಡುಹಿಡಿದ. ಒಬ್ಬರ ಅಂಗಳದಲ್ಲಿ ಒಂದು ರಾಡು ಬಡಿದು ವಾಪಸು ತಂತಿಯನ್ನು ಅದಕ್ಕೇ ಸುತ್ತಿದ. ಕರೆಂಟು ಕಂಬಕ್ಕೆ ಹೋಗುವ ಬದಲು ನೆಲಕ್ಕೆ ಇಳಿಯಿತು, ಬಲ್ಬು ಹತ್ತಿತು. ಒಟ್ಟು ಎಂಟು ಮನೆಯವರು ಅವನನ್ನು ಕರೆಸಿ ರಾಡು ಹಾಕಿಸಿಕೊಂಡರು. ಬೇಸಿಗೆಯಲ್ಲಿ ಬೆಳಕು ಮಂದವಾದರೆ ರಾಡಿನ ಬುಡಕ್ಕೆ ಒಂದು ಕೊಡ ನೀರು ಹೊಯ್ಯುತ್ತಿದ್ದರು. ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. "ಕರೆಂಟ್ ಛಲೋ ಬಂದೈತಿ" ಎಂದು ಅದಕ್ಕೂ ಖುಷಿಪಡುತ್ತಿದ್ದರು.

ಇದು ಯಾವುದೂ ಆಗ ನನಗೆ ಗೊತ್ತಿರಲಿಲ್ಲ. 'ನೆಲವನ್ನು ಯಾವ ಕಾರಣಕ್ಕೂ ನ್ಯೂಟ್ರಲ್ ಆಗಿ ಬಳಸಬಾರದು' ಎಂದು ನಾನು ತರಗತಿಯಲ್ಲಿ ಬರೆಸಿದೆ. ಯಂಕೇಶ ಬರೆದುಕೊಂಡ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಎರಡು ಅಂಕದ್ದು. ದುಂಡು ಅಕ್ಷರದಲ್ಲಿ ಉತ್ತರ ಬರೆದ, ನಾನು ಎರಡಕ್ಕೆ ಎರಡು ಕೊಟ್ಟೆ. ಅದೇ ಹೊತ್ತಿಗೆ ಅವನೂರಲ್ಲಿ ಎಂಟು ರಾಡೂ ನೆಲದಲ್ಲಿದ್ದವು. ನಮ್ಮ ಶಿಕ್ಷಣದ ಬಗ್ಗೆ ಇದಕ್ಕಿಂತ ಹೆಚ್ಚು ನಾನೇನೂ ಹೇಳುವುದಿಲ್ಲ.

ಐಟಿಐ ಎರಡು ವರ್ಷ ಮುಗಿಸಿದವರು ಒಂದು ವರ್ಷ ಎಲ್ಲಾದರೂ ಅಪ್ರೆಂಟಿಸ್ ಆಗಿ ದುಡಿದು, ಕೊನೆಗೊಂದು ಪರೀಕ್ಷೆ ಪಾಸಾದರೆ ಸರ್ಟಿಫಿಕೇಟ್ ಸಿಗುತ್ತದೆ. ಯಂಕೇಶನಿಗೆ ಶ್ರೀರಾಮನಗರದ ಒಂದು ಅಕ್ಕಿ ಗಿರಣಿಯಲ್ಲಿ ಜಾಗ ಸಿಕ್ಕಿತು. ಸಜ್ಜೆ ತೊಗರಿಯ ಊರಿನ ಹುಡುಗ ಕಾಲುವೆ ನೀರಿನ ನಾಡಿಗೆ ಹೋದ. ಅಲ್ಲಿನ ಹಿರಿಯ ಎಲೆಕ್ಟ್ರಿಷಿಯನ್ ಮುನವ್ವರ, ಮೂವತ್ತು ವರ್ಷ ಗಿರಣಿಗಳಲ್ಲೇ ಕಳೆದವನು. ಮೊದಲ ದಿನವೇ ಅವನು ಯಂಕೇಶನ ಕೈಗೆ ಕೊಟ್ಟದ್ದು ಒಂದು ಬೀಗ.

"ಮೇನ್ ಆಫ್ ಮಾಡು. ಬೀಗ ಹಾಕು. ಕೀಲಿ ನಿನ್ನ ಕಿಸೇದಾಗ ಇರ್ಲಿ. ಆಮ್ಯಾಲ ಟೆಸ್ಟರ್ ಹಚ್ಚಿ ನೋಡು. ಆಮ್ಯಾಲ ಕೈ ಹಚ್ಚು."

"ನಾ ಚಾಲೂ ಇದ್ದಾಗನ ಮಾಡ್ತೀನ್ರಿ ಉಸ್ತಾದ್. ನಮ್ಮೂರಾಗ ಯಾರ್ನ ಬೇಕಾದ್ರೂ ಕೇಳ್ರಿ."

"ಹೌದಾ? ಶಾಬಾಸ್. ಹಂಗಾದ್ರ ಇವತ್ತ ಹೊಟ್ಟು ಗುಡಸು. ಅದಕ್ಕ ಕರೆಂಟನ ಬೇಕಾಗಿಲ್ಲ."

ಯಂಕೇಶ ಒಂದು ವಾರ ಭತ್ತದ ಹೊಟ್ಟು ಗುಡಿಸಿದ. ಆಮೇಲೆ ಒಂದು ಮೋಟಾರಿನ ಹತ್ತಿರ ನಿಲ್ಲಿಸಿ ಮುನವ್ವರ "ಇದಕ್ಕ ಅರ್ಥ್ ಆಗೈತೇನೋ?" ಎಂದು ಕೇಳಿದ. ನೆಲದ ತಂತಿ ಜೋಡಿಸಿದೆಯೇ ಎಂದು ಅವನ ಪ್ರಶ್ನೆ. ಗಿರಣಿಯ ಸದ್ದಿನಲ್ಲಿ ಯಂಕೇಶ "ಆತ್ರಿ, ಅರ್ಥ ಆತ್ರಿ" ಎಂದು ತಲೆಯಾಡಿಸಿಬಿಟ್ಟ. ಹಮಾಲರು ಹೊಟ್ಟೆ ಹಿಡಿದು ನಕ್ಕರು. ಅಲ್ಲಿಂದ ನಾಲ್ಕು ತಿಂಗಳು ಗಿರಣಿಯಲ್ಲಿ ಅವನ ಹೆಸರು 'ಅರ್ಥ ಆತ್ರಿ' ಎಂದೇ ಆಯಿತು.

ಆದರೂ ಹುಡುಗ ಬದಲಾದ, ಅದನ್ನು ಒಪ್ಪಬೇಕು. ಆರನೇ ತಿಂಗಳಲ್ಲಿ ಒಮ್ಮೆ ಬೀಗದ ಕೀಲಿ ಕಿಸೆಯಲ್ಲಿಟ್ಟುಕೊಂಡು ಊಟಕ್ಕೆಂದು ರೂಮಿಗೆ ಹೋಗಿಬಿಟ್ಟ. ಅರ್ಧ ತಾಸು ಗಿರಣಿ ನಿಂತಿತು. ಮಾಲೀಕರು ತೆಲುಗಿನಲ್ಲಿ ಕೂಗಾಡಿದರು. ಮುನವ್ವರ ಮಾತ್ರ ಚಹಾ ತರಿಸಿಕೊಂಡು ಕೂತ. "ಬೈಸ್ಕೊಳ್ಳಿ ಬಿಡ್ರಿ. ಇವತ್ತ ಅಂವಾ ಎಲೆಕ್ಟ್ರಿಷಿಯನ್ ಆಗ್ಯಾನ" ಎಂದನಂತೆ. ಇದನ್ನು ನನಗೆ ಹೇಳುವಾಗ ಯಂಕೇಶನಿಗೆ ಹೆಮ್ಮೆ ತಡೆಯಲಾಗಿರಲಿಲ್ಲ.

ಹನ್ನೊಂದನೇ ತಿಂಗಳು, ಫೆಬ್ರವರಿಯ ಕೊನೆ. ಗಿರಣಿಯ ನೆಲದ ತಂತಿ ಇಳಿಸಿದ ಅರ್ಥಿಂಗ್ ಗುಂಡಿ ಒಣಗಿತ್ತು. ಇಬ್ಬರೂ ಇದ್ದಿಲು, ಉಪ್ಪು ತುಂಬಿ ನೀರು ಬಿಟ್ಟರು. ಕೆಲಸ ಮುಗಿದ ಮೇಲೆ ಮುನವ್ವರ "ಬಾ, ಒಂದು ತಮಾಷಾ ತೋರಸ್ತೀನಿ" ಎಂದು ಹಿತ್ತಲಿನ ಒಣ ನೆಲದಲ್ಲಿ ಒಂದು ರಾಡು ಹುಗಿದ. ಯಾರೂ ಹತ್ತಿರ ಬಾರದಂತೆ ಸುತ್ತ ಹಗ್ಗ ಕಟ್ಟಿ, ಒಂದು ಬಲ್ಬಿನ ವಾಪಸು ತಂತಿಯನ್ನು ಆ ರಾಡಿಗೆ ಕೊಟ್ಟ. ಬಲ್ಬು ಮಂಕಾಗಿ ಹತ್ತಿತು. ಮೀಟರಿನ ಒಂದು ತಂತಿ ರಾಡಿಗೆ, ಇನ್ನೊಂದು ನಾಲ್ಕು ಹೆಜ್ಜೆ ಆಚೆಯ ನೆಲಕ್ಕೆ ಹಚ್ಚಿ, ಎಷ್ಟು ವೋಲ್ಟ್ ಇದೆ ಓದು ಎಂದ.

"ನೂರಾ ಹತ್ರಿ."

"ರಾಡು ನೆಲದಾಗ ಹುಗದೈತಿ, ಆದ್ರೂ ನೂರಾ ಹತ್ತು. ಯಾಕ? ಒಣ ನೆಲ ಕರೆಂಟನ್ನ ಪೂರಾ ನುಂಗೂದಿಲ್ಲ. ಅದು ರಾಡಿನ ಮ್ಯಾಲ ಕೂತು, ಯಾರ ಮುಟ್ಟತಾರ ಅಂತ ದಾರಿ ಕಾಯ್ತೈತಿ."

ಯಂಕೇಶ ಮೀಟರನ್ನು ಇನ್ನೊಮ್ಮೆ ಓದಿದ. ಆಮೇಲೆ, "ಉಸ್ತಾದ್, ಆ ರಾಡಿಗೆ ಎಮ್ಮಿ ಕಟ್ಟಿದ್ರ?" ಎಂದ.

"ಹಗ್ಗಲೇನು, ಸರಪಳಿಲೇನು?"

"ಸರಪಳೀಲೆ."

ಮುನವ್ವರ ಮೊದಲು ಸ್ವಿಚ್ ಆಫ್ ಮಾಡಿದ. ಆಮೇಲೆ ತಿರುಗಿ, "ಎಲ್ಲಿ ಕಟ್ಟಿದ್ರು?" ಎಂದು ಕೇಳಿದ.

ಎರಡು ವರ್ಷದ ಹಿಂದಿನ ಮಾತು. ಓಣಿಯ ಕೊನೆಯ ಮನೆ ಮಾರೆವ್ವನದು. ಅಂಗಳದಲ್ಲಿ ಗಟ್ಟಿಯಾದ ಕಬ್ಬಿಣದ ರಾಡು ನಿಂತಿರುವಾಗ ಬೇರೆ ಗೂಟ ಯಾಕೆ ಎಂದು ಆಕೆ ಎಮ್ಮೆಯನ್ನು ಅದಕ್ಕೇ ಕಟ್ಟುತ್ತಿದ್ದಳು. ಒಂದು ದಿನ ಹಗ್ಗ ಹರಿದು, ಸಂತೆಯಿಂದ ಹೊಸ ಸರಪಳಿ ತಂದು ಕಟ್ಟಿದಳು. ಅದೇ ಸಂಜೆ ದೀಪ ಹಾಕಿದ ಹೊತ್ತಿಗೆ ಎಮ್ಮೆ ಕಾಲು ಮಡಚಿ ಬಿತ್ತು, ಬಾಯಲ್ಲಿ ನೊರೆ. ಬಂದವರೆಲ್ಲ ಹುಳ ಮುಟ್ಟಿದೆ ಎಂದರು. ಮುಸ್ಸಂಜೆಯಲ್ಲಿ ಹಾವಿನ ಹೆಸರು ಯಾರೂ ಎತ್ತುವುದಿಲ್ಲ. ಎಮ್ಮೆಗೆ ಗುಂಡಿ ತೋಡಿದವರಲ್ಲಿ ಯಂಕೇಶನೂ ಒಬ್ಬ.

ಎಲ್ಲ ಕೇಳಿ ಮುನವ್ವರ ಇಷ್ಟೇ ಹೇಳಿದ: "ಆ ರಾಡೆಲ್ಲಾ ತಗಿಯೂದು ನಿನ್ನ ಕೆಲಸ. ಎಮ್ಮಿ ಮಾತು ಹೇಳೂದು ನಿನ್ನ ಮರ್ಜಿ. ನಾ ಆಗಿದ್ರ ಹೇಳ್ತಿದ್ದೆ."

ಮರುದಿನವೇ ರಜೆ ಹಾಕಿ ಯಂಕೇಶ ಕೊಪ್ಪಳಕ್ಕೆ, ನನ್ನ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಸರ್, ಇದನ್ನ ಊರಾಗ ಹೇಳಿದ್ರ ನನ್ನ ಸರ್ಟಿಫಿಕೇಟ್ ಹೋಗ್ತೈತೇನ್ರಿ?" ಎಂದು ಕೇಳಿದ. ಅವನ ಮನೆಯಲ್ಲಿ ಸರ್ಟಿಫಿಕೇಟ್ ಎನ್ನುವುದು ಇನ್ನೂ ಯಾರ ಕೈಗೂ ಬಂದಿರಲಿಲ್ಲ. ಅಪ್ಪ ಕನಕಪ್ಪ ಕೂಲಿಗೆ ಹೋಗಿಯೇ ಮಗನನ್ನು ಇಲ್ಲಿತನಕ ತಂದಿದ್ದ.

ಹೋಗುತ್ತದೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಆದರೂ ಬಾಯಿ ಬಿಟ್ಟೆ.

"ಹುಚ್ಚ ಅದಿ ಏನು? ರಾಡು ತಗದು ಬಾ. ಹೊಸಾ ನಿಯಮ ಬಂದೈತಿ ಅಂತ ಹೇಳು, ಸಾಕು. ಸತ್ತ ಎಮ್ಮಿ ಎದ್ದು ಬರ್ತೈತೇನು? ಪರೀಕ್ಷಾ ಮುಗೀಲಿ, ಕಾಗದ ಕೈಗೆ ಬರ್ಲಿ. ಇರಲಾರದ ಇರವಿ ಬಿಟ್ಕೋಬ್ಯಾಡ."

ಅವನ ಮೇಲಿನ ಕಾಳಜಿಯಿಂದಲೇ ಹೀಗೆ ಹೇಳಿದೆ ಎಂದರೆ ಅರ್ಧ ಸುಳ್ಳು. ಇವನಿಗೆ ಪಾಠ ಹೇಳಿದವರು ಯಾರು ಎಂದು ಯಾರಾದರೂ ಕೇಳಿಯಾರು ಎಂಬ ಹೆದರಿಕೆಯೂ ನನಗಿತ್ತು. ಯಂಕೇಶ ಮುನವ್ವರನ ಮಾತು ಬಿಟ್ಟು ನನ್ನ ಮಾತು ಕೇಳಿದ. ನಾನು ಮೇಷ್ಟ್ರಲ್ಲವೇ?

ಪ್ರತಿ ವಾರದ ರಜೆಗೆ ಬೇವೂರಿಗೆ ಹೋದ. ಮೊದಲು ಕಂಬದ ತಂತಿಯ ಬಗ್ಗೆ ಅರ್ಜಿ ಬರೆದು, ಲೈನ್‌ಮನ್ನನ ಬೆನ್ನು ಬಿದ್ದು ಹೊಸ ನ್ಯೂಟ್ರಲ್ ಎಳೆಸಿದ. ಆಮೇಲೆ ಒಂದೊಂದೇ ಮನೆಯ ಮೇನ್ ಆಫ್ ಮಾಡಿ, ಬೀಗ ಹಾಕಿ, ಎರಡನೇ ತಂತಿ ಜೋಡಿಸಿ, ರಾಡು ಕಿತ್ತ. ಓಣಿಯವರು ಅವನನ್ನು ಆಡಿಕೊಳ್ಳದೆ ಬಿಡಲಿಲ್ಲ. "ಕರೆಂಟ್ ಯಂಕ್ಯಾ ಈಗ ಕರೆಂಟಿಗೇ ಅಂಜತಾನ, ಬೀಗ ಹಾಕತಾನ" ಎಂದರು. ಬೈಸಿಕೊಂಡೇ ಏಳು ರಾಡು ಕಿತ್ತ.

ಎಂಟನೆಯದು ಮಾರೆವ್ವನದು. ಆಕೆ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಇದು ಬಂದಾಗಿಂದ ನಮ್ಮನಿ ಬಲ್ಬ್ ಒಂದಿನ ಆರಿಲ್ಲ. ನಿಯಮ ಅಂದ್ರ ಸರಕಾರದವ್ರ ಬಂದು ಹೇಳ್ಲಿ, ನೀ ಯಾರೋ ಹೇಳಾಕ?" ಯಂಕೇಶ ಹೊಸ ಎಮ್ಮೆಗೆ ಕಟ್ಟಿಗೆಯ ಗೂಟ ಹುಗಿದು ಕೊಟ್ಟ. ರಾಡಿಗೆ ಸೈಕಲ್ ಟ್ಯೂಬ್ ಸುತ್ತಿ, ಸುತ್ತಲೂ ಮುಳ್ಳು ಹಚ್ಚಿ ವಾಪಸು ಬಂದ. ಎಮ್ಮೆಯ ಮಾತು ಎತ್ತಿದ್ದರೆ ಆಕೆ ಅವತ್ತೇ ಒಪ್ಪುತ್ತಿದ್ದಳು. ಎತ್ತಲಿಲ್ಲ.

ಏಪ್ರಿಲ್ ಕೊನೆಗೆ ಪರೀಕ್ಷೆ ಬರೆದ. ಮೇ ಕೊನೆಗೆ ಫಲಿತಾಂಶ ಬಂತು, ಒಳ್ಳೆಯ ಅಂಕಗಳಿಂದ ಪಾಸಾಗಿದ್ದ. ಪ್ರಿಂಟು ತೆಗೆಸಿದ ಸರ್ಟಿಫಿಕೇಟ್ ಹಿಡಿದು ನೇರ ನನ್ನಲ್ಲಿಗೆ ಬಂದ. ಸಿಹಿ ತಂದಿರಲಿಲ್ಲ. "ಸರ್, ನಾಳೆ ನೀವು ನನ್ನ ಕೂಡ ಬೇವೂರಿಗೆ ಬರಬೇಕ್ರಿ. ಮಾರೆವ್ವಾಯಿಗೆ ಸರಕಾರದವ್ರ ಬೇಕಂತ. ನಿಮ್ಮ ಪಗಾರ ಸರಕಾರದ್ದಲ್ರಿ? ಮಳಿ ಬರಾಕ ಹತ್ತೈತಿ."

ಹೋದೆ. ಹಿಂದಿನ ದಿನದ ಮಳೆಗೆ ಅಂಗಳ ಒದ್ದೆಯಾಗಿತ್ತು. ಮುಳ್ಳು ಒಲೆಗೆ ಹೋಗಿ ಎಷ್ಟು ದಿನವಾಗಿತ್ತೋ, ಟ್ಯೂಬು ಅರ್ಧ ಬಿಚ್ಚಿ ನೇತಾಡುತ್ತಿತ್ತು. ಮೂರು ವರ್ಷದ ಒಂದು ಕೂಸು, ಮಾರೆವ್ವನ ಮೊಮ್ಮಗಳು ದೀಪಿಕಾ, ಬರಿಗಾಲಲ್ಲಿ ಆ ರಾಡು ಹಿಡಿದು ಗರಗರ ಸುತ್ತುತ್ತಿತ್ತು. ಹಗಲು, ಒಳಗೆ ಬಲ್ಬು ಹಾಕಿರಲಿಲ್ಲ. ಕೂಸು ಉಳಿದದ್ದು ಅದೊಂದೇ ಕಾರಣಕ್ಕೆ. ಯಂಕೇಶ ಓಡಿಹೋಗಿ ಅದನ್ನು ಎತ್ತಿಕೊಂಡ. ನಾನು ನಿಯಮ, ಕಾಯ್ದೆ ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಹೇಳಿಬಿಟ್ಟ.

"ಆಯಿ, ನಿಮ್ಮ ಎಮ್ಮಿಗೆ ಹುಳ ಮುಟ್ಟಿಲ್ಲ. ನಾ ಹಾಕಿದ ಈ ರಾಡ ಕೊಂದೈತಿ. ಅವತ್ತ ನೀವು ಸರಪಳೀಲೆ ಕಟ್ಟಿದ್ರಿ, ದೀಪ ಹಾಕಿದ ಕೂಡ್ಲೆ ಕರೆಂಟ್ ಸರಪಳಿಗೆ ಬಂತು. ತಪ್ಪು ನಂದು."

ಮಾರೆವ್ವ ಬೈಯುತ್ತಾಳೆ, ಓಣಿ ಕೂಡಿಸುತ್ತಾಳೆ ಎಂದು ನಾನು ಕಾದೆ. ಆಕೆ ಅವನತ್ತ ನೋಡಲೇ ಇಲ್ಲ. ಒಳಗಿನ ಕಡೆ ತಿರುಗಿ, "ಕನಕಮ್ಮಾ" ಎಂದು ಕರೆದಳು. ಸೊಸೆ ಜೋಳದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಮಂಗಳೂರಿನ ಹೆಣ್ಣುಮಗಳು, ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಹಳ್ಳಿ.

"ನಿಂದಲ್ಲಂತ ನೋಡವಾ" ಎಂದಳು ಮಾರೆವ್ವ. "ಕಟ್ಟಿಗಿ ಒಟ್ಟು ತಗಿ ಅಂದ್ರ ತಗೀಲಿಲ್ಲ, ಅದರಾಗಿಂದ ಹುಳ ಬಂತು, ನಿನ್ನ ಮೈಗಳ್ಳತನಕ್ಕ ಎಮ್ಮಿ ಹೋತು ಅಂತ ದಿನಾ ನಿನ್ನ ಜೀವಾ ತಿಂದ್ನಿ. ನಿಂದಲ್ಲಂತ."

ನಮಗಿಬ್ಬರಿಗೂ ಇದು ಗೊತ್ತಿರಲಿಲ್ಲ. ಎಮ್ಮೆಗೆ ಹಗ್ಗ ಕಟ್ಟಿದಾಗೊಮ್ಮೆ, ಹಾಲು ಹಿಂಡಿದಾಗೊಮ್ಮೆ, ನೆಂಟರ ಎದುರಿಗೊಮ್ಮೆ, ಎರಡು ವರ್ಷ ಆ ಹೆಣ್ಣುಮಗಳು ಅದೊಂದು ಮಾತು ಕೇಳಿದ್ದಳು. ಕನಕಮ್ಮ ಸೆರಗಿಗೆ ಕೈ ಒರೆಸಿಕೊಂಡು, ಯಂಕೇಶನ ಕೈಯಿಂದ ಮಗಳನ್ನು ತೆಗೆದುಕೊಂಡಳು.

"ನಿನಗ ಇದು ಯಾವಾಗ ಗೊತ್ತಾತಪಾ?"

"ಮೂರ ತಿಂಗಳಾತು ಅಕ್ಕ."

"ಮೂರ ತಿಂಗಳು" ಎಂದಳು ಕನಕಮ್ಮ. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಲೆಕ್ಕ ಹಾಕುವವಳ ಹಾಗಿದ್ದಳು. "ಮೊನ್ನೆ ಯುಗಾದಿಗೆ ನಮ್ಮಪ್ಪ ಬಂದಿದ್ದ. ಅವನ ಮುಂದೂ ಅತ್ತಿ ಇದನ್ನ ಎತ್ತಿದ್ಲು. ಅಪ್ಪ ಉಣ್ಣಲಾರದ ಎದ್ದು ಹೋದ. ನೀ ಅವತ್ತರ ಬಂದು ಹೇಳಬಾರದಾಗಿತ್ತಾ? ಯಾಕ ಹೇಳ್ಲಿಲ್ಲ?"

"ಸರ್ಟಿಫಿಕೇಟ್ ಸಲುವಾಗಿ, ಅಕ್ಕ" ಎಂದ ಯಂಕೇಶ. ಕಣ್ಣು ಒರೆಸಿಕೊಂಡ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಬಹುದಿತ್ತು.

ಯಂಕೇಶ ಮೇನ್ ಆಫ್ ಮಾಡಿ, ಬೀಗ ಹಾಕಿ, ಹಾರೆ ತಂದು ಎಂಟನೇ ರಾಡು ಕೀಳತೊಡಗಿದ. ಮಾರೆವ್ವ ಅಂಗಳಕ್ಕೆ ಕುರ್ಚಿ ತರಿಸಿ ನನ್ನನ್ನು ಕೂಡಿಸಿದಳು. ಕನಕಮ್ಮ ಚಹಾ ಮಾಡಿಕೊಂಡು ಬಂದಳು. ಬಂದವರು ಸರ್ಕಾರದವರು ಎಂದು ಮೊದಲ ಕಪ್ಪು ನನ್ನ ಕೈಗೆ ಕೊಟ್ಟು, "ಇಷ್ಟು ದೂರ ಬಂದ್ರಿ ಸರ್, ಭಾಳ ಉಪಕಾರ ಆತು" ಎಂದಳು. ನಾನು ತಲೆ ತಗ್ಗಿಸಿ ಆ ಚಹಾ ಕುಡಿದೆ.