ಹಸು ಕಾಣದವರ ಹೊಗಳಿಕೆ

ಇಂಟರ್ನೆಟ್ಟಿನಲ್ಲಿ ‘ಅತ್ಯುತ್ತಮ ಹತ್ತು’ ಎಂದು ಪಟ್ಟಿ ಕಟ್ಟಿ ಹಾಕುವವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ಪಾಠ ಹೇಳುವವಳು. ಅಕ್ಕ ಇರುವುದು ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ. ಅವಳಿಗೆ ಇರುವುದೊಂದೇ ಸೀಮೆಹಸು. ಡೈರಿಗೆ ಹಾಲು ಹಾಕಿಯೇ ಮನೆ ನಡೆಸುತ್ತಾಳೆ. ಈಚೆಗೆ ಅವಳ ಹೆಬ್ಬೆರಳ ಗಂಟು ಊದಿಕೊಂಡು, ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಆ ಹಸುವೋ, ಬೇರೆಯವರು ಕರೆಯಲು ಕೂತರೆ ಒದೆಯುತ್ತದೆ.

‘ಹಾಲು ಕರ್ಯೋ ಮಿಷಿನ್ ಬಂದದಂತಲ್ಲ, ಮೊಬೈಲ್ನಾಗೆ ವಸಿ ನೋಡಮ್ಮಿ’ ಅಂದಳು.

ನೋಡಿದೆ. ಮೊದಲ ಪುಟದ ತುಂಬ ಬರೀ ಪಟ್ಟಿಗಳು. ಎಲ್ಲ ಪಟ್ಟಿಯಲ್ಲೂ ಅದೇ ಯಂತ್ರ ಮೊದಲು, ಅದೇ ಹೊಗಳಿಕೆ, ಅದೇ ಫೋಟೋ. ಆ ಫೋಟೋದಲ್ಲಿ ಹಸುವೇ ಇರಲಿಲ್ಲ. ನಮ್ಮ ಕಡೆ ಹಸು ಕೊಳ್ಳುವವರು ಎರಡು ಹೊತ್ತು ತಾವೇ ಕರೆದು ನೋಡಿ ಆಮೇಲೆ ಮುಂಗಡ ಕೊಡುತ್ತಾರೆ. ಮಾರುವವನ ಬಾಯಿಮಾತು ಯಾರಿಗೂ ಬೇಡ. ಅಕ್ಕ ಕೇಳಿದ್ದೂ ಅದನ್ನೇ.

‘ಬರ್ದೋರು ಕರ್ದು ನೋಡವ್ರೇನಮ್ಮಿ?’

‘ಎಲ್ಲಾರೂ ಒಂದೇ ಏಳವ್ರೆ ಕಣಕ್ಕ.’

‘ಅಂಗಾರೆ ತರ್ಸು. ಹತ್ ಜನ ಸೇರ್ಕಂಡು ಸುಳ್ ಏಳಾರಾ?’

ಹೇಳುತ್ತಾರೆ. ಹತ್ತು ಜನ ಒಂದೇ ಸುಳ್ಳನ್ನು ಹೇಳುತ್ತಾರೆ. ಪ್ರತಿ ಪಟ್ಟಿಯ ತಳದಲ್ಲೂ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಈ ಲಿಂಕಿನಿಂದ ನೀವು ಕೊಂಡರೆ ನಮಗೆ ಕಮಿಷನ್ ಬರುತ್ತದೆ ಎಂದು ಬರೆದಿರುತ್ತದೆ. ಹುಡುಕಿಕೊಡುತ್ತೇನೆಂದು ಕೂತಿರುವ ಸರ್ಚ್ ಎಂಜಿನ್ ಎಂಬ ದೊಡ್ಡಣ್ಣನೂ ಅಂಥವರನ್ನೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಾನೆ. ಯಂತ್ರವನ್ನು ನಿಜವಾಗಿ ಬಳಸಿ ಕೆಟ್ಟವನ ಮಾತು ಎಲ್ಲೋ ಹಿಂದಿನ ಪುಟದಲ್ಲಿ ಬಿದ್ದಿರುತ್ತದೆ. ಸಂತೆಯ ದನದ ದಲ್ಲಾಳಿ ಇವರಿಗಿಂತ ಎಷ್ಟೋ ವಾಸಿ. ಅವನೂ ಕಮಿಷನ್ ತಿನ್ನುವವನೇ, ಆದರೆ ಮೋಸ ಮಾಡಿದರೆ ಮುಂದಿನ ವಾರ ಹೋಗಿ ಕೊರಳಪಟ್ಟಿ ಹಿಡಿಯಬಹುದು. ಇವರಿಗೆ ಊರಿಲ್ಲ, ಕೇರಿಯಿಲ್ಲ, ಹಿಡಿಯಲು ಕೊರಳೂ ಇಲ್ಲ.

ಯಂತ್ರ ಬಂದ ವಾರ ಅಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು. ಆಮೇಲೆ ಹಸು ಕಾಲೆತ್ತಲು ಶುರುಮಾಡಿತು. ಒಂದು ತೊಟ್ಟು ಊದಿ ಕೆಂಪಾಗಿ, ಹಾಲಿನಲ್ಲಿ ರಕ್ತದ ಎಳೆ ಕಾಣಿಸಿತು. ಫೋನು ಬಂದದ್ದೇ ಬಸ್ಸು ಹತ್ತಿ ಓಡಿದೆ. ದನದ ಡಾಕ್ಟರು ಬರುವಷ್ಟರಲ್ಲಿ ಏನಾದರೂ ಮಾಡೋಣವೆಂದು ಕೊಟ್ಟಿಗೆಯಲ್ಲೇ ನಿಂತು ‘ಕೆಚ್ಚಲು ಬಾವು’ ಎಂದು ಹುಡುಕಿದರೆ, ಮೊದಲು ಬಂದದ್ದು ಆ ಯಂತ್ರವನ್ನು ಹೊಗಳಿದ್ದ ಸೈಟುಗಳಲ್ಲೇ ಒಂದು. ಕೆಚ್ಚಲು ಬಾವಿಗೆ ಅತ್ಯುತ್ತಮ ಹತ್ತು ಮುಲಾಮುಗಳಂತೆ! ಗಾಯ ಮಾಡಿದವನೇ ಮುಲಾಮು ಮಾರಲು ನಿಂತಿದ್ದ. ಥೂ, ನಿಮ್ಮ ಜನ್ಮಕ್ಕಿಷ್ಟು ಬೆಂಕಿ ಹಾಕ, ಎಂದು ಗಟ್ಟಿಯಾಗಿಯೇ ಬೈದೆ. ಪಾಪ, ಹಸು ಬೆಚ್ಚಿತು.

ಡಾಕ್ಟರು ಬಂದು ಸೂಜಿ ಚುಚ್ಚಿದರು. ಯಂತ್ರದಲ್ಲಿ ತೊಟ್ಟಿಗೆ ಹಾಕುವ ಕೊಳವೆಯನ್ನು ತಮ್ಮ ಹೆಬ್ಬೆರಳಿಗೇ ತೊಡಿಸಿ ಸ್ವಿಚ್ ಹಾಕಿ ನೋಡಿದರು. ‘ಕರು ಚೀಪಿದ್ರೆ ಎಳೀತದೆ, ಬಿಡ್ತದೆ. ಇದು ಬಿಡೋದೇ ಇಲ್ವಲ್ಲ, ಒಂದೇ ಸಮ ಎಳೀತಾ ಇರ್ತದೆ’ ಅಂದರು. ಮೂರು ತೊಟ್ಟು ಉಳಿಯುತ್ತವೆ, ಇದೊಂದು ಬತ್ತಿದಂತೆಯೇ ಎಂದೂ ಹೇಳಿದರು.

‘ಇದನ್ನ ತಗೊಳ್ಳಿ ಅಂತ ಯಾರಮ್ಮ ನಿಮ್ಗೆ ಹೇಳಿದ್ದು?’

ಅಕ್ಕನಿಗೆ ಯಾವ ಸೈಟಿನ ಹೆಸರೂ ಗೊತ್ತಿರಲಿಲ್ಲ. ಹಸುವಿನ ಬೆನ್ನ ಮೇಲಿಂದ ಕೈ ತೆಗೆಯದೆ ನನ್ನ ಕಡೆ ತಿರುಗಿದಳು.

‘ನಮ್ ತಂಗಿ ಸ್ವಾಮಿ. ಓದ್ದೋಳು, ನೋಡೇ ಏಳಿರ್ತಾಳೆ ಅಂದ್ಕಂಡೆ.’