ಅಜ್ಜಿಯ ಮಂಡಿನೋವು, ಅಕ್ಕನ ಉಕ್ರೇನಿಯನ್

ತೆಲಂಗಾಣ ರಾಜ್ಯವಾದ ಮರುವರ್ಷದ ಬೇಸಿಗೆ. ಉಕ್ರೇನಿನಲ್ಲಿ ವೈದ್ಯಕೀಯ ಓದುತ್ತಿದ್ದ ಅಕ್ಕ ರಜೆಗೆ ಗಡಿಯಂಚಿನ ನಮ್ಮೂರು ಮಕ್ತಲ್‌ಗೆ ಬಂದಿದ್ದಳು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ, ರೋಗಿಗಳು ಮಾತ್ರ ಉಕ್ರೇನಿಯನ್ ಆಡುವವರು. ವಾಪಸು ಹೋದ ಕೂಡಲೇ ವಾರ್ಡಿನಲ್ಲಿ ರೋಗಿಯ ಜೊತೆ ಅವರ ಭಾಷೆಯಲ್ಲೇ ಮಾತಾಡಿ ತೋರಿಸುವ ಪರೀಕ್ಷೆಯಿತ್ತು. ಒಮ್ಮೆ ನಪಾಸಾಗಿದ್ದಳು. ಮತ್ತೆ ನಪಾಸಾದರೆ ಒಂದು ವರ್ಷ ಹೋದಂತೆ.

ಅವಳನ್ನು ಕಾಡಿದ್ದು 'ಟೇಕ್' ಎಂಬ ಒಂದೇ ಇಂಗ್ಲಿಷ್ ಕ್ರಿಯಾಪದ. ಕೈಗೆ ತೆಗೆದುಕೊಂಡರೆ ಬ್ರಾತಿ. ಔಷಧ ತೆಗೆದುಕೊಂಡರೆ ಪ್ರಿಯ್ಮಾತಿ. ಅಂಗಿ ಕಳಚಿದರೆ ಝ್ನಿಮಾತಿ. ಕರೆದೊಯ್ದರೆ ಝಬಿರಾತಿ. ಬಸ್ಸಿಗಂತೂ ತೆಗೆದುಕೊಳ್ಳುವ ಮಾತೇ ಇಲ್ಲ, ಅದರಲ್ಲಿ ಹೋಗುವುದಷ್ಟೇ.

"ಇದೇನು ದೊಡ್ಡದು? ನಾವೂ ಬಸ್ಸು ತೊಗೊಳಂಗಿಲ್ಲಲ್ಲ" ಎಂದೆ. ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದೆ; ಮನೆಯಲ್ಲೂ ಸೋಲುವ ಅಭ್ಯಾಸವಿರಲಿಲ್ಲ. ಪಟ್ಟಿ ಬಾಯಿಪಾಠ ಮಾಡಿದರೆ ಸಾಕೆಂಬುದು ನನ್ನ ವಾದ. ರೋಗಿ ಬೇಕೆಂಬುದು ಅವಳದು.

ಅಜ್ಜಿಯನ್ನೇ ರೋಗಿಯಾಗಿ ಕೂರಿಸಿದಳು. ಅಜ್ಜಿ ಉತ್ತರಿಸುವುದು ನಮ್ಮ ಮಾತಿನಲ್ಲಿ. ಅದರಲ್ಲಿ ಬಂದ ಕ್ರಿಯಾಪದಗಳನ್ನು ಅಕ್ಕ ಉಕ್ರೇನಿಯನ್ನಿನಲ್ಲಿ ಹೇಳಬೇಕು.

"ಮಂಡಿಗಿ ಗುಳಿಗಿ ತೊಗೊಂಡ್ರೇನ್ರಿ ಅಮ್ಮಾ?"

"ನಾರಾಯಣಪೇಟೆಗೆ ತಂಗಿ ಮನಿಗಿ ಹೋಗಿದ್ನೆವ್ವಾ. ಅಕಿ ಸೊಸಿ ಮಗ್ಗ ಬಿಟ್ಟು ಏಳಲೇ ಇಲ್ಲ. ಚಾ ಸೈತ ಕೇಳಲಿಲ್ಲ..."

"ಗುಳಿಗಿ, ಅಜ್ಜಿ."

"ಬರ್ತೀನಿ ತಡಿ. ಡಾಕ್ಟರಿಗೆ ಮೊದಲಿಂದ ಹೇಳಬೇಕಲ್ಲ?"

ನಮ್ಮ ಕಡೆ ರೋಗ ಹೇಳುವ ಕ್ರಮವೇ ಅದು. ಎಲ್ಲಿಗೆ ಹೋದೆ, ಯಾರು ಏನೆಂದರು, ಎಲ್ಲ ಮುಗಿದ ಮೇಲೆ ಮಂಡಿ. ಗುಳಿಗೆ ಬರುವ ಹೊತ್ತಿಗೆ ಅರ್ಧ ಗಂಟೆ. ಇದು ಅಭ್ಯಾಸವಲ್ಲ, ಹರಟೆ ಎಂದು ಮೂರು ಕಾರಣ ಕೊಟ್ಟು ಸಾಧಿಸಿದೆ.

"ಇವನ ಬಾಯಿ ಮುಚ್ಚಾಕ ಏನರ ಗುಳಿಗಿ ಐತೇನು ನೋಡವ್ವಾ" ಎಂದಳು ಅಜ್ಜಿ. ಮೂರು ವಾರ ಹೀಗೇ ನಡೆಯಿತು.

ಗದ್ವಾಲದಲ್ಲಿ ರೈಲು ಹತ್ತಿಸಿ ಬಂದ ಒಂದು ತಿಂಗಳಿಗೆ ಅಕ್ಕನ ಫೋನು. ಪರೀಕ್ಷೆಯಲ್ಲಿ ಸಿಕ್ಕ ಮುದುಕಿ ಔಷಧದ ಪ್ರಶ್ನೆಗೆ ತನ್ನ ಆಕಳಿನಿಂದ ಶುರು ಮಾಡಿದಳಂತೆ. ಆಮೇಲೆ ಆಲೂಗಡ್ಡೆ, ಮಗಳು, ಪಕ್ಕದ ಮನೆ. ಅಕ್ಕನಿಗಿಂತ ಮೊದಲು ಪರೀಕ್ಷೆಗೆ ನಿಂತ ಹುಡುಗಿ ಎರಡು ಸಲ ತಡೆದು ಮುದುಕಿಯ ಬಾಯಿ ಮುಚ್ಚಿಸಿದ್ದಳು. ಅಕ್ಕ ಸುಮ್ಮನೆ ಕಾದಳು. ಮಗಳು ಆಕಳನ್ನು ಕರೆದೊಯ್ದ ದಿನದಿಂದ ಮುದುಕಿ ಮಾತ್ರೆ ತೆಗೆದುಕೊಂಡಿರಲಿಲ್ಲ. ಪರೀಕ್ಷಕರಿಗೆ ಬೇಕಿದ್ದದ್ದು ಅದೇ. ಪಾಸಾಗಿದ್ದಳು.

"ಒಂದು ಉದಾಹರಣಿಯಿಂದ ಏನೂ ಸಾಬೀತಾಗಂಗಿಲ್ಲ" ಎಂದೆ.

"ಹೌದಪ್ಪಾ. ಫೋನ್ ಅಜ್ಜಿಗಿ ಕೊಡು."